ಲಂಗದ ಅಂಚು ಒಂದು ಕಡೆ ಇಳಿದಾಗ

ಬೆಳೆಯುವ ಹುಡುಗಿಯ ಬೆನ್ನು ಸೊಟ್ಟಗಾಗುತ್ತಿರುವುದು ಎಷ್ಟೋ ಸಲ ವೈದ್ಯರಿಗಿಂತ ಮೊದಲು ಟೈಲರ್‌ಗೆ ಗೊತ್ತಾಗುತ್ತದೆ. ಶಾಲೆಯ ಸಮವಸ್ತ್ರಕ್ಕೆ ಅಳತೆ ತೆಗೆಯುವಾಗ ಒಂದು ಹೆಗಲು ಇನ್ನೊಂದಕ್ಕಿಂತ ಕೊಂಚ ಕೆಳಗಿರುವುದು ಟೇಪಿಗೆ ಸಿಗುತ್ತದೆ. ಲಂಗವನ್ನು ಎಷ್ಟು ಸರಿಪಡಿಸಿದರೂ ಅಂಚು ಒಂದು ಬದಿಗೆ ಜೋಲುತ್ತದೆ. ಕಸುಬು ಬಲ್ಲ ಟೈಲರ್ ಆ ಬದಿಯಲ್ಲಿ ಬಟ್ಟೆಯನ್ನು ತುಸು ಮಡಚಿ ಹೊಲಿದು, ಎರಡೂ ಕಡೆ ಸಮ ಕಾಣುವಂತೆ ಮಾಡಿಕೊಡುತ್ತಾರೆ. ಮನೆಯವರಿಗೆ ಸಮಾಧಾನ. ಆದರೆ ಕಣ್ಣಿಗೆ ಬೀಳಬೇಕಾಗಿದ್ದ ಒಂದು ಗುರುತು ಆ ಮಡಿಕೆಯೊಳಗೆ ಮುಚ್ಚಿಹೋಗಿರುತ್ತದೆ. ಸ್ಕೂಲ್ ಬ್ಯಾಗಿನ ಪಟ್ಟಿ ಯಾವಾಗಲೂ ಒಂದೇ ಹೆಗಲಿನಿಂದ ಜಾರುವುದು, ನಿಂತಾಗ ಒಂದು ಕೈಗೂ ಸೊಂಟಕ್ಕೂ ನಡುವಿನ ಸಂದು ಇನ್ನೊಂದು ಬದಿಗಿಂತ ಅಗಲವಾಗಿ ಕಾಣುವುದು, ಬಾಗಿ ನೆಲ ಒರೆಸುವಾಗ ಬೆನ್ನಿನ ಒಂದು ಪಕ್ಕ ಉಬ್ಬುವುದು, ಇವೆಲ್ಲ ಆ ಮನೆಯಲ್ಲಿ ದಿನವೂ ಕಾಣುತ್ತಲೇ ಇರುತ್ತವೆ.

ಇನ್ನೊಂದು ಕಾವಲು ತಾಯಿಯ ಅಂಗೈಯದು. ವಾರಕ್ಕೊಮ್ಮೆ ಎಣ್ಣೆ ಹಚ್ಚಿ ನೀರೆರೆಯುವ ಮನೆಗಳಲ್ಲಿ ಮಗುವಿನ ಬೆನ್ನಿನ ಮೇಲೆ ದೊಡ್ಡವರ ಕೈ ತಪ್ಪದೆ ಓಡಾಡುತ್ತದೆ. ಎಲ್ಲಿ ಗಂಟು, ಎಲ್ಲಿ ಉಬ್ಬು ಎಂಬುದು ಆ ಕೈಗೆ ತಿಳಿಯುತ್ತದೆ. ಹುಟ್ಟಿನಿಂದಲೇ ಮೂಳೆ ಅರ್ಧ ರೂಪುಗೊಂಡಿದ್ದರೆ ಕೆಲವೊಮ್ಮೆ ಬೆನ್ನ ನಡುವೆ ಕೂದಲಿನ ಗುಚ್ಛವೋ ಕೆಂಪು ಮಚ್ಚೆಯೋ ಸಣ್ಣ ಗುಳಿಯೋ ಇರುತ್ತದೆ. ಹಿಂದಿನ ಅಜ್ಜಿಯರು ಅದನ್ನು ಗಮನಿಸುತ್ತಿದ್ದರು. ಆದರೆ ‘ಅದೃಷ್ಟದ ಮಚ್ಚೆ’ ಎಂದು ಸುಮ್ಮನಾಗುತ್ತಿದ್ದುದೂ ಉಂಟು. ಹುಡುಗಿಗೆ ಹತ್ತು ಹನ್ನೊಂದಾಗುವಷ್ಟರಲ್ಲಿ ಅವಳೇ ಬಚ್ಚಲ ಬಾಗಿಲು ಹಾಕಿಕೊಳ್ಳುತ್ತಾಳೆ. ಅದು ಸಹಜ, ಅವಳ ಹಕ್ಕು ಕೂಡ. ಕಷ್ಟವೇನೆಂದರೆ, ಬೆನ್ನುಮೂಳೆ ಅತಿ ಬಿರುಸಾಗಿ ಬೆಳೆಯುವುದು ಸರಿಯಾಗಿ ಅದೇ ವಯಸ್ಸಿನಲ್ಲಿ. ಹುಡುಗಿ ದೊಡ್ಡವಳಾದಳು ಎಂದು ಮನೆಯಲ್ಲಿ ಆರತಿ ಎತ್ತುವ ಹೊತ್ತಿಗೆ ಬೆಳವಣಿಗೆಯ ಆ ಬಿರುಸು ಉತ್ತುಂಗ ದಾಟಿರುತ್ತದೆ. ಸೊಟ್ಟವೂ ಅದರ ಜೊತೆಗೇ ಓಡಿರುತ್ತದೆ. ಮೊದಲು ಬಚ್ಚಲ ಬಾಗಿಲು, ಆಮೇಲೆ ದುಪಟ್ಟಾ. ಹೀಗೆ ಆ ಬೆನ್ನನ್ನು ನೋಡುವ ಒಂದು ಕಣ್ಣೂ ಉಳಿಯುವುದಿಲ್ಲ.

ವೈದ್ಯರು ಇದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಎಕ್ಸ್‌ರೇ ಮೇಲೆ ಗೆರೆ ಎಳೆದು ಕೋನ ಅಳೆಯುವ ಕ್ರಮವನ್ನು ನ್ಯೂಯಾರ್ಕಿನ ಜಾನ್ ಕಾಬ್ 1948ರಲ್ಲಿ ಬರೆದಿಟ್ಟರು. ಇಂದಿಗೂ ಅದೇ ಅಳತೆ. ಹತ್ತು ಡಿಗ್ರಿ ದಾಟಿದರೆ ಸೊಟ್ಟ ಎಂದು ಲೆಕ್ಕ. ಹದಿಹರೆಯದ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಯಲ್ಲಿ ಅಷ್ಟು ಇರುತ್ತದೆ, ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ನಿಲ್ಲದೆ ಮುಂದುವರಿಯುವುದು ಕೆಲವರಲ್ಲಿ ಮಾತ್ರ, ಅವರಲ್ಲಿ ಹುಡುಗಿಯರೇ ಹಲವು ಪಟ್ಟು ಹೆಚ್ಚು. ಇಪ್ಪತ್ತೈದರಿಂದ ನಲವತ್ತು ಡಿಗ್ರಿವರೆಗೆ, ಬೆಳವಣಿಗೆ ಇನ್ನೂ ಉಳಿದಿರುವಾಗ, ಬ್ರೇಸ್ ಎಂಬ ಗಟ್ಟಿ ಕವಚ ತೊಡಿಸಿ ತಡೆಯಬಹುದು. ಅದು ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬ ಅನುಮಾನ ಬಹುಕಾಲ ಇತ್ತು. 2013ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾದ ಅಧ್ಯಯನ ಆ ಅನುಮಾನವನ್ನು ತೀರಿಸಿತು. ಬ್ರೇಸ್ ತೊಟ್ಟವರಲ್ಲಿ ನೂರಕ್ಕೆ 72 ಮಂದಿ ಶಸ್ತ್ರಚಿಕಿತ್ಸೆಯ ಹೊಸ್ತಿಲು ಮುಟ್ಟದೆ ಬೆಳವಣಿಗೆ ಮುಗಿಸಿದರು. ಸುಮ್ಮನೆ ನೋಡುತ್ತ ಕಾದವರಲ್ಲಿ 48 ಮಂದಿ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ದಿನಕ್ಕೆ ಹದಿಮೂರು ಗಂಟೆಗೂ ಹೆಚ್ಚು ತೊಟ್ಟವರಲ್ಲಂತೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಪಾರಾದರು.

ಐವತ್ತು ಡಿಗ್ರಿ ದಾಟಿದ ಬೆನ್ನಿನ ಮಾತೇ ಬೇರೆ. ಎತ್ತರ ಬೆಳೆಯುವುದು ನಿಂತ ಮೇಲೂ ಅದು ನಿಲ್ಲುವುದಿಲ್ಲ, ಸರಾಸರಿ ವರ್ಷಕ್ಕೊಂದು ಡಿಗ್ರಿಯಂತೆ ಬಾಗುತ್ತಲೇ ಹೋಗುತ್ತದೆ. ಬೆನ್ನುಮೂಳೆ ಬಾಗುವಾಗ ತಿರುಚಿಕೊಳ್ಳುತ್ತದೆ, ಪಕ್ಕೆಲುಬುಗಳನ್ನೂ ಎಳೆದೊಯ್ಯುತ್ತದೆ. ನೂರು ಡಿಗ್ರಿಯ ಆಸುಪಾಸಿಗೆ ಬಂದಾಗ ಒಂದು ಕಡೆಯ ಶ್ವಾಸಕೋಶಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಮಲಗಿದಾಗಲೂ ಏದುಸಿರು, ಕೊನೆಗೆ ಹೃದಯದ ಬಲಭಾಗ ಸೋಲುತ್ತದೆ. ಎಂಟು ವರ್ಷದೊಳಗೇ ಬಾಗತೊಡಗಿದ ಮಕ್ಕಳ ಪಾಡು ಇನ್ನೂ ಕಠಿಣ, ಏಕೆಂದರೆ ಶ್ವಾಸಕೋಶದ ಗಾಳಿಗೂಡುಗಳು ಹೆಚ್ಚಾಗಿ ರೂಪುಗೊಳ್ಳುವುದು ಆ ವಯಸ್ಸಿನೊಳಗೆ. ಆಗ ಬೆಳೆಯದ ಶ್ವಾಸಕೋಶವನ್ನು ಮುಂದೆ ಯಾವ ಶಸ್ತ್ರಚಿಕಿತ್ಸೆಯೂ ಪೂರ್ತಿ ಮರಳಿ ಕೊಡಲಾರದು.

ಇಷ್ಟೆಲ್ಲ ಆಗುವಾಗ ಮನೆಯಲ್ಲಿ ಕೇಳಿಬರುವ ಮಾತುಗಳನ್ನು ಓದುಗರೆಲ್ಲರೂ ಬಲ್ಲರು. ‘ನೆಟ್ಟಗೆ ಕೂತ್ಕೊಳ್ಳೇ.’ ‘ಮೊಬೈಲ್ ನೋಡೀ ನೋಡೀ ಹಿಂಗಾಗಿದೆ.’ ‘ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡಿ, ಎಣ್ಣೆ ಹಚ್ಚಿ ನೀವಿಸಿ.’ ಕೂರುವ ಭಂಗಿಯಿಂದಾಗಲಿ ಚೀಲದ ಭಾರದಿಂದಾಗಲಿ ಈ ಸೊಟ್ಟ ಹುಟ್ಟುವುದಿಲ್ಲ; ನೀವುವುದರಿಂದ ನಿಲ್ಲುವುದೂ ಇಲ್ಲ. ಬೆನ್ನು ನೋಯದಿರುವುದೇ ಇದರ ದೊಡ್ಡ ಮೋಸ. ನೋವಿದ್ದಿದ್ದರೆ ಯಾವ ತಾಯಿ ಸುಮ್ಮನಿರುತ್ತಿದ್ದಳು? ಶಾಲಾ ಚೀಲದ ತೂಕಕ್ಕೆ ತರಗತಿವಾರು ಮಿತಿ ಹಾಕಿದ ಸರ್ಕಾರಿ ಆದೇಶ ನಮ್ಮ ರಾಜ್ಯದಲ್ಲಿ 2019ರಲ್ಲಿ ಬಂತು. ಒಳ್ಳೆಯದೇ ಆಯಿತು. ಆ ಚೀಲ ಹೊರುವ ಬೆನ್ನನ್ನು ಬಾಗಿಸಿ ನೋಡಬೇಕೆಂಬ ಮಾತು ಮಾತ್ರ ಆ ಚರ್ಚೆಯಲ್ಲಿ ಅಷ್ಟಾಗಿ ಕೇಳಿಬರಲಿಲ್ಲ.

ಹಾಗೆ ಬಿಟ್ಟ ಬೆನ್ನು ಕೊನೆಗೆ ಆಸ್ಪತ್ರೆಗೆ ಬಂದಾಗ ಏನಾಗುತ್ತದೆ ಎಂಬುದನ್ನು ನಾವು ತಿಳಿದಿರಬೇಕು. ಪತ್ರಿಕೆಗಳಲ್ಲಿ ಬರುವ ಎರಡು ಚಿತ್ರಗಳ ನಡುವೆ, ಬಾಗಿದ ಬೆನ್ನಿಗೂ ನೆಟ್ಟಗಾದ ಬೆನ್ನಿಗೂ ನಡುವೆ, ತಿಂಗಳುಗಳ ಯಾತನೆ ಇದೆ. ತೀರಾ ಬಿಗಿದುಕೊಂಡ ಬೆನ್ನನ್ನು ಒಮ್ಮೆಲೇ ನೇರ ಮಾಡುವಂತಿಲ್ಲ, ಒಳಗಿನ ಬೆನ್ನುಹುರಿ ತಾಳಲಾರದು. ಆದ್ದರಿಂದ ತಲೆಬುರುಡೆಗೆ ಸುತ್ತ ಪಿನ್ನುಗಳಿಂದ ಒಂದು ಲೋಹದ ಬಳೆ ಬಿಗಿಯುತ್ತಾರೆ. ಅದಕ್ಕೆ ಹಗ್ಗ, ರಾಟೆ, ತೂಕ. ಒಂದೆರಡು ಕಿಲೋದಿಂದ ಶುರುಮಾಡಿ ದಿನದಿನಕ್ಕೆ ಏರಿಸುತ್ತ, ಮಗುವಿನ ತೂಕದ ಮೂರನೇ ಒಂದು ಭಾಗಕ್ಕೋ ಅದಕ್ಕೂ ಮೇಲಕ್ಕೋ ಒಯ್ಯುತ್ತಾರೆ. ವಾರಗಟ್ಟಲೆ ಮಗು ಹೀಗೇ, ಗಾಲಿಕುರ್ಚಿಯಲ್ಲೂ ಹಾಸಿಗೆಯಲ್ಲೂ, ಮೇಲಕ್ಕೆ ಎಳೆಸಿಕೊಂಡೇ ಇರುತ್ತದೆ. ಕಣ್ಣು ಎರಡೂ ಕಡೆ ಹೊರಳುತ್ತಿದೆಯೇ, ವಸ್ತು ಎರಡಾಗಿ ಕಾಣುತ್ತಿದೆಯೇ, ಹಿಡಿತ ಸಡಿಲವಾಗಿದೆಯೇ, ಕಾಲ್ಬೆರಳು ಆಡುತ್ತಿದೆಯೇ ಎಂದು ದಾದಿಯರು ಹೊತ್ತುಹೊತ್ತಿಗೂ ನೋಡುತ್ತಾರೆ. ಇಂಥ ಮಕ್ಕಳು ಸಾಮಾನ್ಯವಾಗಿ ಬಡಕಲು, ಉಸಿರಾಡುವುದಕ್ಕೇ ಮೈಯ ಬಲವೆಲ್ಲ ಖರ್ಚಾಗಿರುತ್ತದೆ. ಹಾಗಾಗಿ ಅದೇ ವಾರಗಳಲ್ಲಿ ಉಣಿಸಿ ತೂಕ ಹೆಚ್ಚಿಸಬೇಕು, ಉಸಿರಿನ ವ್ಯಾಯಾಮ ಮಾಡಿಸಬೇಕು.

ಆಮೇಲೆ ಆಪರೇಷನ್. ಬೋರಲು ಮಲಗಿಸಿ, ಕತ್ತಿನ ಬುಡದಿಂದ ಸೊಂಟದವರೆಗೆ ಕೊಯ್ದು, ಒಂದೊಂದು ಮೂಳೆಯ ಎರಡೂ ಬದಿಗೆ ತಿರುಪು ಕೂರಿಸಿ, ಅವುಗಳಿಗೆ ಸರಳು ಜೋಡಿಸಿ ಎಳೆದು ತಿರುಗಿಸಿ ಬೆನ್ನನ್ನು ಹತೋಟಿಗೆ ತರುತ್ತಾರೆ. ಅಷ್ಟರಿಂದಲೂ ಬಗ್ಗದಿದ್ದರೆ ನಡುವಿನ ಒಂದು ಮೂಳೆಯನ್ನೇ, ಕೆಲವೊಮ್ಮೆ ಎರಡನ್ನು, ಪೂರ್ತಿ ಕತ್ತರಿಸಿ ತೆಗೆಯಬೇಕಾಗುತ್ತದೆ. ಆ ಗಳಿಗೆಯಲ್ಲಿ ಬೆನ್ನುಮೂಳೆ ಎರಡು ತುಂಡಾಗಿರುತ್ತದೆ, ನಡುವೆ ಬೆನ್ನುಹುರಿಯೊಂದೇ ಉಳಿದಿರುತ್ತದೆ. ತಲೆಯಿಂದ ಕಾಲಿಗೆ ಹೋಗುವ ನರಸಂಕೇತಗಳನ್ನು ಯಂತ್ರ ಉದ್ದಕ್ಕೂ ಕಾಯುತ್ತಿರುತ್ತದೆ. ಸಂಕೇತ ಕುಸಿದರೆ ಎಲ್ಲವನ್ನೂ ನಿಲ್ಲಿಸಿ, ರಕ್ತದೊತ್ತಡ ಏರಿಸಿ, ಎಳೆದದ್ದನ್ನು ಸಡಿಲಿಸುತ್ತಾರೆ. ಈ ಯಂತ್ರಗಳಿಲ್ಲದ ಕಾಲದಲ್ಲಿ, 1973ರಲ್ಲಿ, ಫ್ರಾನ್ಸಿನ ಶಸ್ತ್ರವೈದ್ಯರು ಬೇರೊಂದು ಉಪಾಯ ಬರೆದರು: ಆಪರೇಷನ್ ನಡುವೆಯೇ ರೋಗಿಯನ್ನು ಅರೆಎಚ್ಚರಕ್ಕೆ ತಂದು ‘ಕಾಲು ಆಡಿಸು’ ಎನ್ನುವುದು. ಆಡಿದರೆ ಮುಂದುವರಿಯುವುದು. ಯಂತ್ರ ಸಂಶಯ ತೋರಿದಾಗ ಇಂದೂ ಅದನ್ನೇ ನೆಚ್ಚುವವರಿದ್ದಾರೆ.

ಈ ವಿದ್ಯೆಯ ಬಗ್ಗೆ ನಮಗೆ ಗೌರವವಲ್ಲದೆ ಬೇರೇನೂ ಇಲ್ಲ. ಹ್ಯೂಸ್ಟನ್‌ನ ಪಾಲ್ ಹ್ಯಾರಿಂಗ್‌ಟನ್ ಪೋಲಿಯೋದಿಂದ ಬೆನ್ನು ಕುಸಿದ ಮಕ್ಕಳಿಗಾಗಿ ಉಕ್ಕಿನ ಸರಳು ರೂಪಿಸಿ 1962ರಲ್ಲಿ ಪ್ರಕಟಿಸುವ ಮುಂಚೆ, ತಿಂಗಳುಗಟ್ಟಲೆ ಪ್ಲಾಸ್ಟರ್ ಕವಚದಲ್ಲಿ ಮಲಗಿಸುವುದು ಬಿಟ್ಟರೆ ಹೆಚ್ಚಿನ ದಾರಿ ಇರಲಿಲ್ಲ. ಇಂದು ನಮ್ಮ ದೊಡ್ಡ ನಗರಗಳ ಆಸ್ಪತ್ರೆಗಳಲ್ಲೇ ಈ ಕೆಲಸ ಆಗುತ್ತದೆ. ಆದರೆ ಲೆಕ್ಕವನ್ನೂ ಮುಂದಿಡಬೇಕು. ಹದಿಹರೆಯದ ಹುಡುಗಿಯ ಸಾಮಾನ್ಯ ಸೊಟ್ಟವನ್ನು ಸಕಾಲದಲ್ಲಿ ಸರಿಪಡಿಸುವಾಗ ನರಕ್ಕೆ ಪೆಟ್ಟಾಗುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ದೊಡ್ಡವರಾದ ಮೇಲೆ, ತೀವ್ರವಾಗಿ ಬಾಗಿ ಜಟಿಲವಾದ ಬೆನ್ನುಗಳ ಮೇಲೆ ನಡೆಸಿದ 272 ಶಸ್ತ್ರಚಿಕಿತ್ಸೆಗಳನ್ನು ಹದಿನೈದು ಕೇಂದ್ರಗಳು ಒಟ್ಟಾಗಿ ಗಮನಿಸಿ ನೋಡಿದಾಗ, ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ನೂರಕ್ಕೆ 22 ಮಂದಿಯ ಕಾಲಿನ ಬಲ ಮುಂಚಿಗಿಂತ ಕುಗ್ಗಿತ್ತು. ಹಲವರು ಮುಂದೆ ಚೇತರಿಸಿಕೊಂಡರು, ನಿಜ. ಆದರೂ ಆರು ತಿಂಗಳ ಬಳಿಕವೂ ಹತ್ತರಲ್ಲಿ ಒಬ್ಬರಿಗೆ ಆ ಕೊರತೆ ಉಳಿದಿತ್ತು. ಅದೂ ಪಳಗಿದ ಕೈಗಳಲ್ಲಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡಂತೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಂಥದ್ದಕ್ಕೇ.

ಹೇಗೂ ಚಿಕಿತ್ಸೆ ಇದೆಯಲ್ಲ ಎಂಬ ನೆಮ್ಮದಿ ನಮ್ಮನ್ನು ಮೋಸಗೊಳಿಸಿದ್ದು ಇದೇ ಮೊದಲಲ್ಲ. ನಮ್ಮ ತಲೆಮಾರು ಅದನ್ನು ಕ್ಷಯದಲ್ಲಿ ಕಂಡಿದೆ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯ ಸಂಶೋಧನಾ ಕೇಂದ್ರ, ಸ್ಯಾನಿಟೋರಿಯಂನಲ್ಲಿ ಮಲಗಿಸದೆ ಮನೆಯಲ್ಲೇ ಮಾತ್ರೆ ಕೊಟ್ಟರೂ ರೋಗ ವಾಸಿಯಾಗುತ್ತದೆಂದು ಜಗತ್ತಿಗೆ ತೋರಿಸಿತು. ಬೆನ್ನುಮೂಳೆಯ ಕ್ಷಯಕ್ಕೂ ಅದೇ ನಿಜವೆಂದು ಮುಂದಿನ ಪ್ರಯೋಗಗಳು ಹೇಳಿದವು. ಹಾಸಿಗೆ ಬೇಡ, ಪ್ಲಾಸ್ಟರ್ ಬೇಡ, ಬಹುಮಂದಿಗೆ ಕತ್ತರಿಯೂ ಬೇಡ. ದೊಡ್ಡ ಗೆಲುವದು. ಆ ಗೆಲುವಿನ ನೆರಳಲ್ಲಿ ಒಂದು ಸಂಗತಿ ಮರೆಯಾಯಿತು: ಕೀಟಾಣು ಸತ್ತರೂ ಅದು ತಿಂದುಹೋದ ಮೂಳೆ ಬೆಳೆಯುವ ಮಗುವಿನಲ್ಲಿ ಕುಸಿಯುತ್ತಲೇ ಹೋಗಬಹುದು. ಅಲ್ಲಿ ಚಿಕಿತ್ಸೆ ಪಡೆದ 61 ಮಕ್ಕಳನ್ನು ಹದಿನೈದು ವರ್ಷ ಹಿಂಬಾಲಿಸಿ ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ 2001ರಲ್ಲಿ ಬರೆದರು. ನೂರಕ್ಕೆ 44ರಲ್ಲಿ ಗೂನು ಬೆಳವಣಿಗೆಯ ಜೊತೆ ತಾನಾಗಿ ತಗ್ಗಿತ್ತು, 17ರಲ್ಲಿ ಇದ್ದಂತೇ ಉಳಿದಿತ್ತು, 39ರಲ್ಲಿ ಹೆಚ್ಚಿತ್ತು. ಕಾಗದದ ಮೇಲೆ ಇವರೆಲ್ಲ ಗುಣಮುಖರು.

ಯಾವ ಮಗುವಿನ ಬೆನ್ನು ಕುಸಿಯಲಿದೆ ಎಂಬುದನ್ನೂ ಅದೇ ಅಧ್ಯಯನ ಮೊದಲೇ ಗುರುತಿಸಲು ಕಲಿಸಿತು. ಎಕ್ಸ್‌ರೇಯಲ್ಲಿ ನಾಲ್ಕು ಗುರುತುಗಳು: ಹಿಂಬದಿಯ ಕೀಲು ಬಿಟ್ಟುಕೊಂಡಿರುವುದು, ಕೊಳೆತ ಮೂಳೆ ಹಿಂದಕ್ಕೆ ಸರಿದಿರುವುದು, ಮೂಳೆ ಪಕ್ಕಕ್ಕೆ ಜಾರಿರುವುದು, ಮೇಲಿನ ಮೂಳೆ ಮುಂದಕ್ಕೆ ವಾಲಿ ಬೀಳುವಂತಿರುವುದು. ಇವುಗಳಲ್ಲಿ ಎರಡಕ್ಕಿಂತ ಹೆಚ್ಚು ಸೇರಿದರೆ ಆ ಬೆನ್ನು ಅಪಾಯದಲ್ಲಿದೆ, ಆಗಲೇ ಸಣ್ಣ ಶಸ್ತ್ರಚಿಕಿತ್ಸೆಯಿಂದ ಹಿಡಿದು ನಿಲ್ಲಿಸಬೇಕು. ಈ ಅರಿವು ದೂರದಿಂದ ಬಂದದ್ದಲ್ಲ, ನಮ್ಮ ನೆರೆಯಲ್ಲೇ ಹುಟ್ಟಿದ್ದು. ಆದರೂ ಮಾತ್ರೆ ಮುಗಿದ ದಿನ ಕಡತ ಮುಚ್ಚುವ ಅಭ್ಯಾಸ ಹೋಗಿಲ್ಲ.

ಬೆನ್ನಿನ ಕ್ಷಯಕ್ಕೆ ಎಕ್ಸ್‌ರೇಗೂ ಮೊದಲಿನ ಗುರುತು ಅಂಗಳದಲ್ಲೇ ಸಿಗುತ್ತದೆ. ಬಿದ್ದ ಚೆಂಡನ್ನು ಮಗು ಬಾಗಿ ಎತ್ತುವುದಿಲ್ಲ; ಬೆನ್ನನ್ನು ಕಂಬದಂತೆ ಹಿಡಿದು, ಮೊಣಕಾಲು ಮಡಚಿ ಕೂತು ಎತ್ತುತ್ತದೆ. ರಾತ್ರಿ ನಿದ್ದೆಯಲ್ಲಿ ಚೀರಿ ಏಳುತ್ತದೆ. ಸಂಜೆಗೆ ಮೈ ಬೆಚ್ಚಗಿರುತ್ತದೆ. ಇಂಥ ಮಗುವಿಗೆ ದೃಷ್ಟಿ ತೆಗೆಯುವುದು ಬೇಕಾದರೆ ತೆಗೆಯಲಿ, ಎಕ್ಸ್‌ರೇ ತಪ್ಪಬಾರದು.

ಬಿಟ್ಟರೆ ಏನು? ಬಾಲ್ಯದ ಗೂನು ಹೊತ್ತೇ ಬೆಳೆದ ಹೆಣ್ಣುಮಗಳು ಮದುವೆಯಾಗಿ ಮಕ್ಕಳನ್ನು ಹೆತ್ತು ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ, ಒಂದು ದಿನ ಚಪ್ಪಲಿ ಕಾಲಿನಿಂದ ಜಾರಿದ್ದು ಅವಳಿಗೆ ತಿಳಿಯುವುದಿಲ್ಲ. ಬಾಗಿದ ಮೂಳೆಯ ಮೊನೆಯ ಮೇಲೆ ವರ್ಷಾನುಗಟ್ಟಲೆ ತೇಯ್ದ ಬೆನ್ನುಹುರಿ ಆಗ ಸೋಲುತ್ತಿರುತ್ತದೆ. ಆ ಹಂತದ ಆಪರೇಷನ್ ಅತಿ ಕಷ್ಟದ್ದು, ಫಲವೂ ಅನಿಶ್ಚಿತ.

ಇಂದಿನ ನೆಮ್ಮದಿಗೆ ಬೇರೆ ಮಾತುಗಳಿವೆ. ‘ಈಗ ಎಲ್ಲದಕ್ಕೂ ಆಪರೇಷನ್ ಇದೆ.’ ‘ಆಯುಷ್ಮಾನ್ ಕಾರ್ಡ್ ಇದೆ.’ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸರೆ ಸಣ್ಣದಲ್ಲ. ಆದರೆ ಇಪ್ಪತ್ತೈದು ಡಿಗ್ರಿಯಲ್ಲಿದ್ದ ಹುಡುಗಿಯನ್ನು ಎಪ್ಪತ್ತೈದು ಡಿಗ್ರಿಯವರೆಗೆ ಕಾಯಿಸಿ ಆಮೇಲೆ ಹಣ ಕೊಡುವ ವ್ಯವಸ್ಥೆಗೆ ನಾವು ಒಗ್ಗಿಹೋಗಬಾರದು.

ಮಕ್ಕಳ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡಗಳು ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗಳಿಗೆ ಬರುತ್ತವೆ. ಕಣ್ಣು, ಹಲ್ಲು, ಕಿವಿ, ಹೃದಯ ನೋಡುತ್ತವೆ. ಆಯ್ದ ತೊಂದರೆಗಳ ಪಟ್ಟಿಯಲ್ಲಿ ಸೊಟ್ಟಪಾದಕ್ಕೆ ಹೆಸರಿದೆ, ಸೊಂಟದ ಕೀಲಿಗೆ ಹೆಸರಿದೆ. ಹದಿಹರೆಯದಲ್ಲಿ ಬಾಗುವ ಬೆನ್ನಿಗೆ ಪ್ರತ್ಯೇಕ ಹೆಸರಿಲ್ಲ.

ಎಲ್ಲ ಮಕ್ಕಳ ಬೆನ್ನು ನೋಡುತ್ತ ಹೋದರೆ ಬೇಡದ ಎಕ್ಸ್‌ರೇ, ಬೇಡದ ಗಾಬರಿ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳೂ ಇದೆ. ಅಮೆರಿಕದ ತಜ್ಞ ಸಮಿತಿಯೊಂದು 2004ರಲ್ಲಿ ಅದೇ ಕಾರಣಕ್ಕೆ ಶಾಲಾ ತಪಾಸಣೆ ಬೇಡವೆಂದಿತ್ತು. ಬ್ರೇಸ್‌ನ ಫಲ ಸ್ಥಿರಪಟ್ಟ ಮೇಲೆ, 2018ರಲ್ಲಿ, ಅದೇ ಸಮಿತಿ ‘ಬೇಡ’ ಎಂಬುದನ್ನು ಹಿಂತೆಗೆದುಕೊಂಡು, ಪರವಾಗಿಯೋ ವಿರುದ್ಧವಾಗಿಯೋ ತೀರ್ಮಾನಿಸಲು ಪುರಾವೆ ಸಾಲದು ಎಂದಿತು. ಜಪಾನ್ 1970ರ ದಶಕದ ಕೊನೆಯಿಂದ, ಹಾಂಗ್‌ಕಾಂಗ್ 1995ರಿಂದ ಮಕ್ಕಳ ಬೆನ್ನು ನೋಡುತ್ತ ಬಂದಿವೆ. ನಮ್ಮ ಕಷ್ಟ ಅಮೆರಿಕದ್ದಲ್ಲ. ಅಲ್ಲಿ ಮಗುವನ್ನು ವರ್ಷಕ್ಕೊಮ್ಮೆ ನೋಡುವ ಮನೆವೈದ್ಯರಿದ್ದಾರೆ. ಇಲ್ಲಿ ಹನ್ನೊಂದರ ಹುಡುಗಿಯ ಬೆನ್ನನ್ನು ನೋಡುವವರು ಯಾರು?

ನೋಡುವುದು ಕಷ್ಟವೇ? ಕಾಲು ಜೋಡಿಸಿ, ಅಂಗೈ ಸೇರಿಸಿ, ಮುಂದಕ್ಕೆ ಬಾಗಲು ಹೇಳಬೇಕು. ಹಿಂದೆ ನಿಂತು ನೋಡಬೇಕು. ಇಂಗ್ಲೆಂಡಿನ ವಿಲಿಯಂ ಆಡಮ್ಸ್ 1865ರಲ್ಲೇ ಹೇಳಿದ ಪರೀಕ್ಷೆ. ಒಂದು ಪಕ್ಕ ಉಬ್ಬಿದ್ದರೆ ಮೇಲೊಂದು ಸಣ್ಣ ಮಾಪಕ ಇಡಬೇಕು. ಏಳು ಡಿಗ್ರಿ ಓರೆ ಇದ್ದರೆ ಆಗ ಮಾತ್ರ ಎಕ್ಸ್‌ರೇ. ಹೆಣ್ಣುಮಕ್ಕಳನ್ನು ಮರೆಯಲ್ಲಿ, ದಾದಿಯೇ ನೋಡಲಿ.

ಇನ್ನೊಂದು ಅಡ್ಡಿ ಮನೆಯೊಳಗಿದೆ. ‘ಎಸ್ಸೆಸ್ಸೆಲ್ಸಿ ಮುಗೀಲಿ.’ ‘ಯಾರಿಗೂ ಹೇಳಬೇಡ, ನಾಳೆ ಗಂಡು ಸಿಗೋದು ಕಷ್ಟ.’ ಹೀಗೆ ಮುಚ್ಚಿಟ್ಟ ಒಂದೆರಡು ವರ್ಷಗಳಲ್ಲೇ ಬ್ರೇಸ್‌ನ ಕಾಲ ಮುಗಿದುಹೋಗುತ್ತದೆ.

ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳು ಕೂತು ಮಾತಾಡಲು ಹೊಸ ಯೋಜನೆ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ಐದನೇ ತರಗತಿಯಿಂದ ಎಂಟನೆಯದರವರೆಗೆ ವರ್ಷಕ್ಕೊಮ್ಮೆ ಬಾಗಿಸಿ ನೋಡುವುದು. ಬೆನ್ನಿನ ಕ್ಷಯ ಬಂದ ಮಗುವಿಗೆ ಮಾತ್ರೆ ಮುಗಿದ ಮೇಲೂ, ಬೆಳವಣಿಗೆ ನಿಲ್ಲುವವರೆಗೂ, ವರ್ಷಕ್ಕೊಂದು ಎಕ್ಸ್‌ರೇ. ಜಿಲ್ಲಾಸ್ಪತ್ರೆಯಲ್ಲಿ ಬ್ರೇಸ್ ಅಳತೆ ಮಾಡಿ ಕೊಡಬಲ್ಲ ಒಬ್ಬರು. ಬರುವ ಜೂನ್‌ನಲ್ಲಿ ಶಾಲೆ ತೆರೆದು ತಪಾಸಣಾ ತಂಡಗಳು ಹೊರಡುವ ಮುಂಚೆ ಅವರ ನಮೂನೆಯಲ್ಲಿ ಬೆನ್ನಿಗೆಂದು ಒಂದು ಸಾಲು ಸೇರಿಸಿ, ಅದನ್ನು ತುಂಬುವುದು ಹೇಗೆಂದು ಅವರಿಗೆ ಅರ್ಧ ದಿನ ಹೇಳಿಕೊಡಬೇಕು.